ಬಿಲ್ವಕ್ಕೆ ಅಕ್ಷತೆ

ಶ್ರೀನಗರದಲ್ಲಿ ಇನ್ನೂ ಖಾಲಿ ಸೈಟುಗಳಿದ್ದ ಕಾಲದ ಮಾತು ಇದು. ಎರಡು ಮನೆ ಬಿಟ್ಟರೆ ಒಂದು ಸೈಟು, ಸೈಟಿನ ತುಂಬ ಎಕ್ಕ, ಉಮ್ಮತ್ತಿ, ಉತ್ತರಾಣಿ, ಮಧ್ಯೆ ಯಾರದೋ ಒಂದು ಎಮ್ಮೆ. ಶಾಲೆ ಬಿಟ್ಟು ಆ ಸೈಟುಗಳ ಅಡ್ಡದಾರಿಯಲ್ಲಿ ಮನೆಗೆ ಬಂದರೆ ಯೂನಿಫಾರಂ ಲಂಗದ ಅಂಚಿಗೆಲ್ಲ ಉತ್ತರಾಣಿ ಬೀಜ ಕಚ್ಚಿಕೊಂಡಿರುತ್ತಿತ್ತು. ಅಮ್ಮ ಅವನ್ನು ಒಂದೊಂದಾಗಿ ಕೀಳುತ್ತಾ ಬೈಯುತ್ತಿದ್ದಳು, ನಾನು ಕೋಡುಬಳೆ ಕಡಿಯುತ್ತಾ ಕೇಳಿಸಿಕೊಳ್ಳುತ್ತಿದ್ದೆ. ನಿಮ್ಮಲ್ಲಿ ಹನುಮಂತನಗರ, ಕತ್ರಿಗುಪ್ಪೆ ಕಡೆ ಬೆಳೆದವರಿಗೆ ಆ ಬೀಜ ಕಾಲುಚೀಲದೊಳಗೆ ಸೇರಿಕೊಂಡು ಚುಚ್ಚುತ್ತಿದ್ದದ್ದು ಇನ್ನೂ ನೆನಪಿರಬಹುದು.

ನಮ್ಮ ಮನೆಯ ಮುಂದಿನ ಕೋಣೆ ಒಂದು ಆಫೀಸಾಗಿತ್ತು. ಬೋರ್ಡು ಗೀರ್ಡು ಏನೂ ಇರಲಿಲ್ಲ. ಅಪ್ಪನ ತಂಗಿ ವತ್ಸಲತ್ತೆ ಬಾಟನಿಯಲ್ಲಿ ಎಂ.ಎಸ್ಸಿ. ಮಾಡಿದವಳು, ಒಂದು ಪುಟ್ಟ ಪರಿಸರ ಸಂಸ್ಥೆಯ ಶಾಲಾ ಕಾರ್ಯಕ್ರಮವನ್ನು ಅಲ್ಲಿಂದಲೇ ನಡೆಸುತ್ತಿದ್ದಳು. ಸುತ್ತಮುತ್ತಲ ಶಾಲೆಗಳಿಗೆ ಹೋಗಿ ಮಕ್ಕಳಿಗೆ ಗಿಡ, ಹಕ್ಕಿ, ಹುಳಗಳ ಬಗ್ಗೆ ಹೇಳಿಕೊಡುವುದು, ಅವನ್ನು ಉಳಿಸಿಕೊಳ್ಳಬೇಕು ಅನ್ನುವ ಆಸೆ ಹುಟ್ಟಿಸುವುದು ಅವಳ ಕೆಲಸ. ಮ್ಯಾನೇಜರೂ ಅವಳೇ, ಮೇಡಮ್ಮೂ ಅವಳೇ, ಚೀಲ ಹೊರುವ ಕೂಲಿಯೂ ಅವಳೇ. ರಿಟೈರಾಗಿ ಮನೆಯಲ್ಲಿದ್ದ ತಾತ ಮಗಳ ಕೆಲಸಕ್ಕೆ 'ವತ್ಸಲಾ ಸರ್ಕಸ್ ಕಂಪನಿ' ಎಂದು ಹೆಸರಿಟ್ಟಿದ್ದರು.

ಆ ಕೋಣೆಯ ವಾಸನೆ ಈಗಲೂ ನನ್ನ ಮೂಗಿನಲ್ಲಿದೆ. ಒಣಗಿದ ಎಲೆ, ಹಕ್ಕಿ ಗೂಡು, ನುಸಿಗುಳಿಗೆ, ಚಾರ್ಟು ಅಂಟಿಸಲು ಕುದಿಸಿದ ಮೈದಾ ಅಂಟು. ಅಂಟು ಕುದಿಯುತ್ತಿದ್ದದ್ದು ಅಮ್ಮನ ಹಾಲಿನ ಪಾತ್ರೆಯಲ್ಲಿ.

"ವತ್ಸಲಾ, ನಿನ್ನ ಪ್ರಕೃತಿ ಸಂರಕ್ಷಣೆ ಆಗೋ ಹೊತ್ತಿಗೆ ನನ್ನ ಪಾತ್ರೆ ಒಂದೂ ಉಳಿಯಲ್ಲ," ಎನ್ನುತ್ತಿದ್ದಳು ಅಮ್ಮ.

"ತೊಳ್ದು ಇಡ್ತೀನಿ ಅತ್ತಿಗೆ."

"ಹೋದ ಸಲಾನೂ ಹಿಂಗೇ ಹೇಳಿದ್ದೆ. ಮಾರನೇ ದಿನ ಕಾಫಿ ಗಟ್ಟಿಯಾಗಿತ್ತು."

ಅತ್ತೆ ಸೀರೆಯ ಜೊತೆ ಕ್ಯಾನ್ವಾಸ್ ಶೂ ಹಾಕಿಕೊಂಡು, ಎರಡೂ ಹೆಗಲಿಗೆ ಚೀಲ ಏರಿಸಿ ಸಿಟಿ ಬಸ್ಸು ಹತ್ತುವುದನ್ನು ನೋಡಬೇಕಿತ್ತು. ಒಂದು ಗಾಜಿನ ಡಬ್ಬಿಯಲ್ಲಿ ಕೇರೆಹಾವಿನ ಪೊರೆ ಇತ್ತು. ರಶ್ಶಿನ ಬಸ್ಸಿನಲ್ಲಿ ಯಾರಾದರೂ "ಏನಮ್ಮಾ ಅದು ಡಬ್ಬೀಲಿ?" ಎಂದು ಕೇಳಿ, ಇವಳು "ಹಾವಿಂದು" ಎಂದರೆ ಸಾಕು, ಕೂರಲು ಜಾಗ ಸಿಗುತ್ತಿತ್ತು. 'ಪೊರೆ' ಅನ್ನುವ ಮಾತನ್ನು ಅವಳು ಕೂತ ಮೇಲೆ ಸೇರಿಸುತ್ತಿದ್ದಳು.

ಆದರೆ ಆ ವರ್ಷ ಅತ್ತೆಗೆ ಒಳಗೊಳಗೇ ಬೇಜಾರು ಶುರುವಾಗಿತ್ತು. ಅವಳಿಗೆ ಸಂಸ್ಥೆಯಿಂದ ಬಂದಿದ್ದ ಚಾರ್ಟುಗಳ ತುಂಬ ಹುಲಿ, ಆನೆ, ಮಳೆಕಾಡು. ಹೆಡ್‌ಮಿಸ್ಸುಗಳು "ಪೋರ್ಷನ್ ಮುಗ್ದಿಲ್ಲ ಮೇಡಂ, ಸ್ವಲ್ಪ ಬೇಗ ಮುಗಿಸ್ಬಿಡಿ" ಎನ್ನುತ್ತಿದ್ದರು. ಮಕ್ಕಳು ಆಕಳಿಸುತ್ತಾ 'ಹುಲಿಯನ್ನು ಉಳಿಸಿ' ಎಂದು ಬರೆದುಕೊಳ್ಳುತ್ತಿದ್ದರು. ಕತ್ರಿಗುಪ್ಪೆಯ ಒಂದು ಶಾಲೆಯಲ್ಲಿ ಒಬ್ಬ ಹುಡುಗಿ ಎದ್ದು ನಿಂತು, "ಮಿಸ್, ಹುಲಿ ನಮ್ಮ ಏರಿಯಾಗೆ ಬರಲ್ವಲ್ಲ, ಹೆಂಗೆ ಉಳಿಸೋದು?" ಎಂದು ಕೇಳಿದಳಂತೆ. ಆ ದಿನ ಅತ್ತೆ ಮನೆಗೆ ಬಂದು ಚಾರ್ಟಿನ ಸುರುಳಿಯನ್ನು ಮಂಚದ ಕೆಳಗೆ ಎಸೆದಳು.

ಅದೇ ದಿನಗಳಲ್ಲಿ ನಮಗೆ ಹುಳ ಸಿಕ್ಕಿದ್ದು. ನಮಗೆ ಎಂದರೆ ನನಗೂ ನಸ್ರೀನ್‌ಗೂ. ನಸ್ರೀನ್ ನನ್ನ ಕ್ಲಾಸಿನವಳು, ಹಿಂದಿನ ರಸ್ತೆಯವಳು. ಅವರ ಮನೆಯ ಹಿತ್ತಲಲ್ಲಿ ಎಲಚಿ ಮರವಿತ್ತು, ನಮ್ಮ ಸ್ನೇಹ ಶುರುವಾದದ್ದೇ ಆ ಹಣ್ಣಿಗೆ ಉಪ್ಪು ಖಾರ ಹಚ್ಚಿಕೊಂಡು ತಿನ್ನುವುದರಿಂದ. ಶಾಲೆಯ ದಾರಿಯಲ್ಲಿ ಜಯಮ್ಮಜ್ಜಿಯ ಮನೆ. ಕಾಂಪೌಂಡಿನೊಳಗೆ ಗೇಟಿನ ಪಕ್ಕ ಒಂದು ಬಿಲ್ವದ ಮರ. ಮರವೆಂದರೆ ದೊಡ್ಡದೇನಲ್ಲ, ಅಜ್ಜಿ ವರ್ಷವರ್ಷವೂ ಸವರಿಸಿ ಕೈಗೆಟುಕುವ ಹಾಗೆ ಇಟ್ಟುಕೊಂಡಿದ್ದರು. ಶ್ರಾವಣ ಸೋಮವಾರಗಳಲ್ಲಿ ಬೀದಿಯವರೆಲ್ಲ ಪತ್ರೆಗೆ ಬರುವುದು ಅಲ್ಲಿಗೇ. ಆದರೆ ಯಾರೂ ಮರ ಮುಟ್ಟುವ ಹಾಗಿಲ್ಲ. ಅಜ್ಜಿಯೇ ಮುಳ್ಳು ತಪ್ಪಿಸಿ, ಮೂರು ದಳವೂ ನೆಟ್ಟಗಿರುವ, ತೂತಿಲ್ಲದ ಪತ್ರೆ ನೋಡಿ ಕಿತ್ತು ಕೈಗೆ ಹಾಕುತ್ತಿದ್ದರು.

ಆ ಶ್ರಾವಣ ಶುರುವಾಗುವಾಗ ಪತ್ರೆಗೆ ತೂತು ಬೀಳತೊಡಗಿತು. ನಾವು ಗೇಟಿನ ಸಂದಿಯಿಂದ ನೋಡಿದರೆ ಎಲೆಯ ಮೇಲೆ ಹಕ್ಕಿ ಹಿಕ್ಕೆಯಂಥದ್ದೇನೋ ಇತ್ತು, ನೋಡುತ್ತಿದ್ದ ಹಾಗೆ ಆ ಹಿಕ್ಕೆ ನಡೆಯಿತು. ನಸ್ರೀನ್ ಕಿರುಚಿದಳು. ಅಜ್ಜಿ ಕೈಯಲ್ಲಿ ಇರುವೆ ಪುಡಿಯ ಡಬ್ಬಿ ಹಿಡಿದುಕೊಂಡೇ ಹೊರಗೆ ಬಂದರು.

"ನೋಡಿದ್ರಾ? ದರಿದ್ರದ ಹುಳ. ಇವತ್ತು ಪೌಡರ್ ಹಾಕ್ಬಿಡ್ತೀನಿ."

ನಾನು ಓಡಿಹೋಗಿ ಅತ್ತೆಯನ್ನು ಕರೆತಂದೆ. ಅತ್ತೆ ನೋಡಿದ ತಕ್ಷಣ ಅವಳ ಮುಖ ಅರಳಿದ್ದು ನನಗೆ ನೆನಪಿದೆ. "ಜಯಮ್ಮನೋರೇ, ಇದು ನಿಂಬೆ ಚಿಟ್ಟೆದು. ಚಿಕ್ಕದಿದ್ದಾಗ ಹಿಕ್ಕೆ ಥರ ವೇಷ ಹಾಕಿರುತ್ತೆ, ಹಕ್ಕಿ ತಿನ್ನದಿರಲಿ ಅಂತ. ಆಮೇಲೆ ಹಸಿರಾಗುತ್ತೆ. ಆಮೇಲೆ ಚಿಟ್ಟೆ. ದಯವಿಟ್ಟು ಪೌಡರ್ ಹಾಕ್ಬೇಡಿ."

"ತೂತಾದ ಪತ್ರೆ ಈಶ್ವರನಿಗೆ ಏರಿಸೋಕಾಗುತ್ತೇನಮ್ಮಾ?"

"ಒಂದು ಕೊಂಬೆ ಬಿಟ್ಬಿಡಿ ಸಾಕು. ಮಿಕ್ಕಿದ ಹುಳಾನೂ ಅಲ್ಲಿಗೇ ಸೇರಿಸ್ತೀನಿ. ಇವರಿಬ್ರೂ ದಿನಾ ಬಂದು ನೋಡ್ಕೋತಾರೆ. ಗಣೇಶನ ಹಬ್ಬದವರೆಗೆ ಟೈಮ್ ಕೊಡಿ. ಚಿಟ್ಟೆ ಬರ್ಲಿಲ್ಲ ಅಂದ್ರೆ ನಾನೇ ಪೌಡರ್ ತಂದುಕೊಡ್ತೀನಿ."

ಅಜ್ಜಿ ಹುಳವನ್ನೂ ಅತ್ತೆಯ ಶೂಗಳನ್ನೂ ಬಹಳ ಹೊತ್ತು ನೋಡಿ, "ಆಯ್ತು, ಹಬ್ಬದವರೆಗೆ. ನಿನ್ ಮಾತಿನ ಮೇಲೆ," ಎಂದರು.

ಆ ಶ್ರಾವಣದಷ್ಟು ಒಳ್ಳೆಯ ತಿಂಗಳು ನನ್ನ ಬಾಲ್ಯದಲ್ಲಿ ಇನ್ನೊಂದಿಲ್ಲ. ದಿನವೂ ಶಾಲೆಗೆ ಹೋಗುವಾಗ ಒಂದು ಸಲ, ಬರುವಾಗ ಒಂದು ಸಲ ಅಜ್ಜಿಯ ಗೇಟು. ಸಣ್ಣಗೆ ಜಿನುಗುವ ಮಳೆ, ಒದ್ದೆ ಬಿಲ್ವದ ಎಲೆಯ ಸಿಹಿಸಿಹಿ ಘಮ, ಒಳಗಿನಿಂದ ಸಾರಿನ ಒಗ್ಗರಣೆ. ಮೊದಲಿನ ಹುಳಗಳೆಲ್ಲ ಎಲ್ಲೆಲ್ಲಿಗೋ ಹೋದವು, ಕೆಲವನ್ನು ಹಕ್ಕಿ ತಿಂದಿತು, ಆದರೆ ಅವುಗಳ ಹಿಂದೆಯೇ ಹೊಸವು ಹುಟ್ಟಿದವು. ಅದರಲ್ಲಿ ಒಂದು ದಪ್ಪಗೆ, ಹಸಿರಾಗಿ ಬೆಳೆಯಿತು. ಬೆನ್ನನ್ನು ಬೆರಳಿನಿಂದ ಮುಟ್ಟಿದರೆ ತಲೆಯ ಹಿಂದಿನಿಂದ ಕಿತ್ತಳೆ ಬಣ್ಣದ ಎರಡು ಕೊಂಬು ಚಾಚಿ, ಕೊಳೆತ ಕಿತ್ತಳೆ ಸಿಪ್ಪೆಯಂಥ ವಾಸನೆ ಬಿಡುತ್ತಿತ್ತು. ನಸ್ರೀನ್‌ಗೆ ಆ ವಾಸನೆ ಎಂದರೆ ಹುಚ್ಚು. ಬೆರಳು ಮೂಸಿ ಮೂಸಿ ನಗುತ್ತಿದ್ದಳು.

ಅದಕ್ಕೆ ಗುಂಡಣ್ಣ ಎಂದು ಹೆಸರಿಟ್ಟವರು ಅಜ್ಜಿ. ಪೌಡರ್ ಹಾಕುತ್ತೇನೆ ಎಂದಿದ್ದವರೇ ನಾವು ತಡವಾಗಿ ಹೋದರೆ ಗೇಟಿನಲ್ಲಿ ಕಾಯುತ್ತಿದ್ದರು.

"ಎಲ್ಲಿ ಹೋಗಿದ್ರೇ ಇಬ್ರೂ? ಗುಂಡಣ್ಣ ಬೆಳಿಗ್ಗೆಯಿಂದ ತಿಂತಾನೇ ಇದಾನೆ. ನಮ್ಮೆಜಮಾನ್ರು ಮದುವೆ ಮನೇಲಿ ಹಿಂಗೇ ಕೂರ್ತಿದ್ರು."

ಅತ್ತೆಗೆ ಅಜ್ಜಿಯ ಈ ಮಾತುಗಳನ್ನು ನಾನು ದಿನವೂ ವರದಿ ಮಾಡುತ್ತಿದ್ದೆ. ಅವಳಿಗೆ ತನ್ನ ಎಲ್ಲ ಶಾಲೆಗಳಿಗಿಂತ ಈ ಒಂದು ಗೇಟು ದೊಡ್ಡದಾಗಿ ಕಂಡಿರಬೇಕು. "ಒಬ್ಬರು ಪೌಡರ್ ಡಬ್ಬಿ ಕೆಳಗಿಟ್ರಲ್ಲೇ, ಅಷ್ಟು ಸಾಕು," ಎಂದಿದ್ದಳು.

ಹಬ್ಬ ಹತ್ತಿರ ಬಂದಾಗ ಒಂದು ಸಂಜೆ ತಾತ ಪೂಜೆಯ ಪುಸ್ತಕ ತೆಗೆದು ಗಣೇಶನಿಗೆ ಏರಿಸುವ ಇಪ್ಪತ್ತೊಂದು ಪತ್ರೆಗಳ ಹೆಸರು ಓದುತ್ತಾ ಗೊಣಗುತ್ತಿದ್ದರು. "ಮಾರ್ಕೆಟ್ಟಲ್ಲಿ ಪತ್ರೆ ಕಟ್ಟು ಅಂತ ಕೊಡ್ತಾರೆ, ಒಳಗೆ ನೋಡಿದ್ರೆ ಎಲ್ಲಾ ಒಂದೇ ಸೊಪ್ಪು. ಬನ್ನಿ ಯಾವ್ದು, ಲಕ್ಕಿ ಯಾವ್ದು, ಯಾರಿಗೆ ಗೊತ್ತು ಈಗ?"

ಅತ್ತೆ ಮೈದಾ ಅಂಟಿನ ಕೈಯಲ್ಲೇ ಎದ್ದು ಬಂದಳು. "ಅಪ್ಪಾ, ಇನ್ನೊಂದ್ಸಲ ಓದು."

ಅರ್ಕ ಎಂದರೆ ನಮ್ಮ ಸೈಟಿನ ಎಕ್ಕ. ಅಪಾಮಾರ್ಗ ಎಂದರೆ ಅಮ್ಮ ಬೈದುಕೊಂಡು ಕೀಳುವ ಉತ್ತರಾಣಿ. ಬದರಿ ಎಂದರೆ ನಸ್ರೀನ್ ಮನೆಯ ಎಲಚಿ. ದತ್ತೂರ ಎಂದರೆ ಉಮ್ಮತ್ತಿ. ಮಾವು, ದಾಳಿಂಬೆ, ಕಣಗಿಲೆ, ಜಾಜಿ ಅವರಿವರ ಕಾಂಪೌಂಡಿನಲ್ಲಿ, ಅರಳಿ ಗುಡ್ಡದ ದೇವಸ್ಥಾನದ ಕಟ್ಟೆಯಲ್ಲಿ. ಇಷ್ಟೂ ಗಿಡ ಶಾಲೆಯಿಂದ ನಡೆದು ಹೋಗುವಷ್ಟು ದೂರದಲ್ಲೇ ಇತ್ತು. ಅತ್ತೆ ಕುಣಿದುಬಿಟ್ಟಳು.

"ಹುಲಿ ಬೇಡ, ಗಿಲಿ ಬೇಡ. ನಮ್ಮ ಏರಿಯಾದ ಕಾಡು ಇದೇ! ಎಲ್ಲಾ ಶಾಲೆ ಮಕ್ಕಳೂ ಎಲೆ ಹುಡುಕ್ಕೊಂಡು ತರ್ಲಿ. ಹಬ್ಬದ ಹಿಂದಿನ ಶನಿವಾರ ಎಲ್ಲಾ ಒಂದ್ಕಡೆ ಸೇರಿ ಪ್ರದರ್ಶನ ಮಾಡೋಣ. ಎಲ್ಲಾ ತಂದೋರಿಗೆ ಬಹುಮಾನ!"

ತಾತ ಕನ್ನಡಕದ ಮೇಲಿನಿಂದ ನೋಡಿ, "ಸರ್ಕಸ್ ಕಂಪನಿಗೆ ಹೊಸ ಆಟ ಸಿಕ್ತು," ಎಂದರು.

ಮುಂದಿನ ವಾರ ಅತ್ತೆ ಶಾಲೆಯಿಂದ ಶಾಲೆಗೆ ಹಾರಿದಳು. ಆಕಳಿಸುತ್ತಿದ್ದ ಮಕ್ಕಳು ಈಗ ಅವಳನ್ನು ಗೇಟಿನಲ್ಲೇ ಮುತ್ತಿಕೊಳ್ಳುತ್ತಿದ್ದರು. ಯಾವ ಸೈಟು ನೋಡಿದರೂ ಯಾವುದೋ ಒಂದು ಯೂನಿಫಾರಂ ಬಗ್ಗಿಕೊಂಡಿರುತ್ತಿತ್ತು. ನಾನಂತೂ ಅತ್ತೆಯ ಸೋದರಸೊಸೆ ಎಂಬ ಕಾರಣಕ್ಕೆ ಶಾಲೆಯಲ್ಲಿ ದೊಡ್ಡ ಮನುಷ್ಯಳಾಗಿಬಿಟ್ಟೆ. ಬಿಲ್ವ ಎಲ್ಲಿ ಸಿಗುತ್ತದೆ ಎಂದು ಕೇಳದವರಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ, ಆ ಭಾಗದಲ್ಲಿ ಎಲ್ಲರ ಮನೆಯವರಿಗೂ ಜಯಮ್ಮಜ್ಜಿಯ ಮರ ಗೊತ್ತಿತ್ತು.

ಅತ್ತೆ ಎಲೆಗಳನ್ನು ಲೆಕ್ಕ ಹಾಕಿದ್ದಳು, ಅದನ್ನು ಮಕ್ಕಳಿಂದ ಗುಣಿಸಿರಲಿಲ್ಲ. ಹಬ್ಬಕ್ಕೆ ಪತ್ರೆ ತರುವುದೆಂದರೆ ನಮ್ಮವರಿಗೆ ಕಿತ್ತು ತರುವುದೇ, ಅದರಲ್ಲೂ ಒಂದು ಸಾಲದು, ಒಂದು ಹಿಡಿ ಬೇಕು. ಅದು ಅವಳಿಗೆ ಹೊಳೆಯಲೇ ಇಲ್ಲ.

ಶನಿವಾರ ಬೆಳಗಿನ ಶಾಲೆ. ನಾನು, ನಸ್ರೀನ್ ಎಂದಿನಂತೆ ಗುಂಡಣ್ಣನನ್ನು ನೋಡಲು ಹೋದೆವು. ಹಿಂದಿನ ಸಂಜೆ ಅವನು ತಿನ್ನುವುದನ್ನು ನಿಲ್ಲಿಸಿ ಆಲಸಿಯಂತೆ ಕೂತಿದ್ದ. ಇನ್ನೇನು ಕೋಶ ಕಟ್ಟುತ್ತಾನೆ ಎಂದಿದ್ದಳು ಅತ್ತೆ. ಗೇಟು ತೆರೆದಿತ್ತು. ಮರ ಇತ್ತು, ಎಲೆ ಇರಲಿಲ್ಲ. ಬರೀ ಮುಳ್ಳು, ಸೀಳಿದ ರೆಂಬೆ, ನೆತ್ತಿಯಲ್ಲಿ ಕೈಗೆಟುಕದ ನಾಲ್ಕು ಬಲಿತ ಎಲೆ. ಅಜ್ಜಿ ಶನಿವಾರವಾದ್ದರಿಂದ ಮುಂಜಾನೆ ಗುಡ್ಡದ ಆಂಜನೇಯನಿಗೆ ಹೋಗಿದ್ದರು. ಆ ಹೊತ್ತಿನಲ್ಲಿ ಮಕ್ಕಳು ಹಿಂಡುಹಿಂಡಾಗಿ ಬಂದಿದ್ದವು. ಆಫೀಸಿಗೆ ಹೊರಡುವ ಗಡಿಬಿಡಿಯಲ್ಲಿದ್ದ ಅಜ್ಜಿಯ ಸೊಸೆ "ಹಬ್ಬಕ್ಕಲ್ವಾ, ಕಿತ್ಕೊಳ್ರಪ್ಪಾ" ಎಂದು ಒಳಗೆ ಹೋಗಿದ್ದರು. ಅಜ್ಜಿ ವಾಪಸು ಬಂದು ಆ ಬೋಳು ಮರದ ಕೆಳಗೆ ಸುಮ್ಮನೆ ನಿಂತಿದ್ದರು.

"ಗುಂಡಣ್ಣ?" ಎಂದಳು ನಸ್ರೀನ್.

"ನಿಮ್ಮತ್ತೆ ಕಳಿಸಿದ್ದಂತೆ ಎಲ್ಲರ್ನೂ," ಎಂದರು ಅಜ್ಜಿ ನನ್ನ ಕಡೆ ನೋಡಿ. ಬೈಯಲಿಲ್ಲ. ನಮ್ಮಿಬ್ಬರನ್ನೂ ಹೊರಗೆ ಬಿಟ್ಟು ಗೇಟು ಮುಚ್ಚಿ ಚಿಲಕ ಹಾಕಿಕೊಂಡರು. ಅವರು ಬೈದಿದ್ದರೆ ನನಗೆ ಅಷ್ಟು ಅಳು ಬರುತ್ತಿರಲಿಲ್ಲ.

ಪ್ರದರ್ಶನ ಇದ್ದದ್ದು ನಮ್ಮ ಶಾಲೆಯ ಅಂಗಳದಲ್ಲೇ. ನಾವು ಓಡುತ್ತಾ ಹೋದಾಗ ಜಮಖಾನೆಯ ಮೇಲೆ ಎಲೆಯ ಗುಡ್ಡ. ಎಕ್ಕದ ಹಾಲು ಸೋರುತ್ತಿತ್ತು, ಮಾಚಿಪತ್ರೆ, ಮರುಗ, ಲಕ್ಕಿ ಎಲ್ಲದರ ಘಾಟು ಸೇರಿ ಮೂಗಿಗೆ ಬಡಿಯುತ್ತಿತ್ತು. ಅತ್ತೆ ಚಿಕ್ಕ ಮಕ್ಕಳಿಗೆ ಸಿಂಬಳ ಒರೆಸುತ್ತಾ, ಶಾಲೆಗಳನ್ನು ಸಾಲಾಗಿ ನಿಲ್ಲಿಸುತ್ತಾ, ಸಂಭ್ರಮದಲ್ಲಿದ್ದಳು. ನಾನು ಎಲ್ಲರೆದುರಿಗೇ ಕೂಗಿದೆ.

"ಅತ್ತೇ, ಅಜ್ಜಿ ಮರದಲ್ಲಿ ಒಂದೆಲೆ ಇಲ್ಲ. ಗುಂಡಣ್ಣ ಇಲ್ಲ!"

ಅವಳು ಮೊದಲು ನನ್ನ ಮುಖ ನೋಡಿದಳು, ಆಮೇಲೆ ಆ ಗುಡ್ಡ ನೋಡಿದಳು. ನಂತರ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ಆ ಎಲೆಗಳ ಮುಂದೆ ಕೂತುಬಿಟ್ಟಳು. ಎಲ್ಲ ಶಾಲೆಯ ಮಕ್ಕಳೂ ಸುತ್ತ ನಿಂತಿದ್ದರು.

"ಎಲ್ರೂ ಕೇಳಿ. ಬಿಲ್ವದ ಎಲೇಲಿ ಹುಳ ಇದ್ವು. ಚಿಟ್ಟೆ ಆಗೋ ಹುಳ. ಈ ರಾಶೀಲಿ ಇರಬಹುದು. ಹುಡುಕ್ಬೇಕು."

ಮುಂದಿನ ಸಾಲಿನ ಒಬ್ಬ ಹುಡುಗ ಬಹುಮಾನದ ಆಸೆಗೆ ದೊಡ್ಡ ಕಟ್ಟನ್ನೇ ತಂದಿದ್ದ. ಅವನಿಗೆ ಅಳು ಬರುವ ಹಾಗಾಗಿತ್ತು. "ಮಿಸ್, ನೀವೇ ತಾನೇ ತನ್ನಿ ಅಂದಿದ್ದು?"

"ಹೌದು ಕಣೋ. ನಾನೇ ಹೇಳಿದ್ದು. ತಪ್ಪು ನಂದು, ನಿಮ್ದಲ್ಲ. ಗಿಡ ಉಳಿಸಿ ಅಂತ ಹೇಳ್ಕೊಡೋಕೆ ಬಂದು ಗಿಡ ಬೋಳಿಸೋಕೆ ಹೇಳ್ದೆ. ಈಗ ಬಾ, ನನ್ ಜೊತೆ ಹುಡುಕು."

ಹೆಡ್‌ಮಿಸ್ಸು ಪಕ್ಕದಲ್ಲೇ ಇದ್ದರು, ಬೇರೆ ಶಾಲೆಗಳ ಟೀಚರುಗಳೂ ಇದ್ದರು. ಅಷ್ಟು ಜನರೆದುರು ದೊಡ್ಡವರೊಬ್ಬರು ತಪ್ಪು ನನ್ನದು ಎನ್ನುವುದನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ. ನನಗೆ ನಾಚಿಕೆಯಾಯಿತು, ಆಮೇಲೆ ಅವಳ ಮೇಲೆ ಹೇಳಲಾರದಷ್ಟು ಪ್ರೀತಿ ಬಂತು.

ಮಕ್ಕಳೆಲ್ಲ ಕೂತೆವು. ಒಂದೊಂದೇ ಎಲೆ ಎತ್ತಿ, ಹಿಂದೆ ಮುಂದೆ ನೋಡಿ ಪಕ್ಕಕ್ಕಿಡುವುದು. ಗಲಾಟೆಯಿಲ್ಲ, ಮಾತಿಲ್ಲ. ಅತ್ತೆಯ ಚಾರ್ಟುಗಳ ಮುಂದೆ ಆ ಮಕ್ಕಳೆಂದೂ ಅಷ್ಟು ಗಮನವಿಟ್ಟು ಕೂತಿರಲಿಲ್ಲ. ಹಿಕ್ಕೆಯ ವೇಷದ ಮರಿಗಳು ಒಂದೆರಡು ಸಿಕ್ಕವು. ಗುಂಡಣ್ಣ ಮಾತ್ರ ಇಲ್ಲ. ರಾಶಿ ಕರಗುತ್ತಾ ಬಂತು. ನಸ್ರೀನ್ ಇದ್ದಕ್ಕಿದ್ದಂತೆ ಕೈ ಎತ್ತಿ ಎಲ್ಲರನ್ನೂ ತಡೆದಳು.

"ತಡೀರಿ. ವಾಸ್ನೆ ಬರ್ತಾ ಇದೆ."

ಅವಳು ಮೊಣಕಾಲಿನ ಮೇಲೆ ಬಗ್ಗಿ, ಮೂಸುತ್ತಾ ಮೂಸುತ್ತಾ ಜಮಖಾನೆಯ ಮೂಲೆಗೆ ಹೋದಳು. ಕಣಗಿಲೆ ಕಟ್ಟಿನ ಕೆಳಗೆ ಸಿಕ್ಕಿಬಿದ್ದ ಬಿಲ್ವದ ಕಡ್ಡಿಯಲ್ಲಿ ಗುಂಡಣ್ಣ ಎರಡೂ ಕೊಂಬು ಚಾಚಿಕೊಂಡು, ಸಿಟ್ಟಿನಿಂದ ನೆಟ್ಟಗಾಗಿದ್ದ. ಅಂಗಳದಲ್ಲಿ ಎದ್ದ ಕೂಗಿಗೆ ಪಕ್ಕದ ಬೀದಿಯವರು ಮಹಡಿಗೆ ಬಂದು ನೋಡಿದರಂತೆ.

ಶಾಲೆ ಮುಗಿದ ಮೇಲೆ ಅತ್ತೆ, ನಾವಿಬ್ಬರು ಅಜ್ಜಿಯ ಗೇಟಿನ ಮುಂದೆ ನಿಂತೆವು. ಹಾವಿನ ಪೊರೆಯ ಡಬ್ಬಿಯನ್ನು ಖಾಲಿ ಮಾಡಿ ಅದರಲ್ಲಿ ಹುಳಗಳನ್ನಿಟ್ಟುಕೊಂಡಿದ್ದೆವು. ಅತ್ತೆ ಚಿಲಕ ಅಲ್ಲಾಡಿಸಲು ಹೆದರುತ್ತಿದ್ದಳು. ಕೊನೆಗೆ ನಸ್ರೀನ್ ಕೂಗಿದಳು, "ಅಜ್ಜೀ, ಗುಂಡಣ್ಣ ಸಿಕ್ಕಿದಾನೆ!"

ಅಜ್ಜಿ ಬಂದರು. ಗೇಟು ತೆರೆಯದೆ ಸರಳಿನ ಹಿಂದಿನಿಂದಲೇ ಡಬ್ಬಿ ನೋಡಿದರು.

"ಜಯಮ್ಮನೋರೇ, ನಿಮ್ ಮುಂದೆ ಮುಖ ತೋರ್ಸೋ ಹಾಗಿಲ್ಲ ನಾನು," ಎಂದಳು ಅತ್ತೆ. "ಟೈಮ್ ಕೇಳಿದ್ದೂ ನಾನೇ, ಮರ ಬೋಳು ಮಾಡಿಸಿದ್ದೂ ನಾನೇ. ಪೌಡರ್ ಹಾಕಿದ್ರೂ ಇಷ್ಟಾಗ್ತಿರ್ಲಿಲ್ಲ."

"ಮರ ಚಿಗುರುತ್ತಮ್ಮಾ. ಬಿಲ್ವಕ್ಕೇನಾಗಲ್ಲ," ಎಂದರು ಅಜ್ಜಿ. ಧ್ವನಿ ಮಾತ್ರ ಇನ್ನೂ ಗಡುಸಾಗಿಯೇ ಇತ್ತು. "ಈಗ ಇವಕ್ಕೆ ತಿನ್ನೋಕೆ ಏನು ಹಾಕ್ತೀಯಾ? ಬಿಲ್ವ ಬಾಡಿದ್ರೂ ಪೂಜೆಗೆ ಬರುತ್ತೆ. ಇವಕ್ಕೆ ಬರುತ್ತಾ?"

ರಾಶಿಯಲ್ಲಿದ್ದ ಎಲೆಯೆಲ್ಲ ಅಷ್ಟರಲ್ಲಿ ಸೊರಗಿ ಹೋಗಿತ್ತು. ಅಜ್ಜಿ ಒಳಗೆ ಹೋದರು. ಇನ್ನು ಬರುವುದಿಲ್ಲವೇನೋ ಅಂದುಕೊಂಡೆವು. ಬಂದಾಗ ಅವರ ಕೈಯಲ್ಲಿ ಹಿತ್ತಾಳೆ ತಟ್ಟೆ ಇತ್ತು, ಅದರ ಮೇಲೆ ಒದ್ದೆ ಬಟ್ಟೆ. ಸೋಮವಾರದ ಹಬ್ಬಕ್ಕೆಂದು, ಬೀದಿಯ ಪ್ರತಿ ಮನೆಗೂ ಕೊಡಲೆಂದು ಹಿಂದಿನ ಸಂಜೆಯೇ ಅವರು ಬಿಡಿಸಿಟ್ಟಿದ್ದ ಪತ್ರೆ. ಎಲ್ಲ ಎಳೆಯವು, ಒಂದರಲ್ಲೂ ತೂತಿರಲಿಲ್ಲ.

"ತಗೋ. ತಿನ್ಲಿ."

"ಬೇಡ, ಇದು ಗಣೇಶನಿಗೆ..."

"ಅವನಿಗೆ ಕಡುಬು ಮಾಡ್ತೀವಲ್ಲಾ. ಇವಕ್ಕೆ ಏನಿದೆ? ಒಳಗೆ ಬನ್ನಿ ಮೂವರೂ."

ಅತ್ತೆ ಅಳುವುದನ್ನು ನಾನು ಅವತ್ತು ಮೊದಲ ಸಲ ನೋಡಿದೆ. ಅಜ್ಜಿ ಒಂದು ಬಿದಿರಿನ ಬುಟ್ಟಿ ತಂದು, ಪತ್ರೆ ಹಾಸಿ, ಹುಳಗಳನ್ನು ಬಿಟ್ಟು, ಮೇಲೆ ತಮ್ಮ ಹಳೆಯ ವಾಯಿಲ್ ಸೀರೆಯ ತುಂಡು ಮುಚ್ಚಿ ದೇವರ ಮನೆಯಲ್ಲೇ ಇಟ್ಟರು.

ಹಬ್ಬದ ದಿನ ಬೀದಿಯವರು ಒಬ್ಬೊಬ್ಬರಾಗಿ ಬಿಲ್ವಕ್ಕೆ ಬಂದರು. ಅಜ್ಜಿ ಬಾಗಿಲಲ್ಲೇ ನಿಂತು ಎಲ್ಲರಿಗೂ ಒಂದೇ ಮಾತು ಹೇಳಿದರಂತೆ: "ಈ ಸಲ ಇಲ್ಲ. ಒಳಗೆ ಊಟಕ್ಕೆ ಕೂತಿದಾರೆ." ಯಾರು ಎಂದು ಕೇಳುವ ಧೈರ್ಯ ಯಾರಿಗೂ ಬರಲಿಲ್ಲ.

ನಮ್ಮ ಮನೆಯಲ್ಲಿ ತಾತ ಪೂಜೆಗೆ ಕೂತರು. ಅಮ್ಮ ಕಡುಬು ಬೇಯಿಸುತ್ತಿದ್ದಳು, ಹೂರಣದ ಏಲಕ್ಕಿ ವಾಸನೆ ಮನೆ ತುಂಬಿತ್ತು. ಒಂದೊಂದೇ ಪತ್ರೆಯ ಹೆಸರು ಹೇಳಿ ಏರಿಸುತ್ತಾ ಬಿಲ್ವ ಬಂದಾಗ ತಾತನ ಕೈ ತಟ್ಟೆಯ ಮೇಲೆ ನಿಂತಿತು. ಅತ್ತೆ ತಲೆ ತಗ್ಗಿಸಿಕೊಂಡಳು. ತಾತ ಪಕ್ಕದಲ್ಲಿದ್ದ ಪುಟ್ಟ ಬೆಳ್ಳಿ ಭರಣಿಯಿಂದ ಎರಡು ಕಾಳು ಅಕ್ಷತೆ ತೆಗೆದು ಗಣೇಶನ ಮೇಲೆ ಹಾಕಿದರು.

"ಅಷ್ಟೇನಾ ತಾತ?" ನಾನು ಪಿಸುಗುಟ್ಟಿದೆ.

"ಯಾವ್ದಿಲ್ವೋ ಅದರ ಬದಲು ಅಕ್ಷತೆ. ಪದ್ಧತಿ ಇದೆ," ಎಂದರು ತಾತ. ಆಮೇಲೆ ಅತ್ತೆಯ ಕಡೆ ತಿರುಗಿ, "ಒಂದಕ್ಕೋ ಎರಡಕ್ಕೋ ಹಾಕ್ಬಹುದು ಕಣಮ್ಮಾ. ಎಲ್ಲಾದಕ್ಕೂ ಅಕ್ಷತೇನೇ ಹಾಕಿದ್ರೆ ಅದು ಪೂಜೆ ಅಲ್ಲ, ಸೋಮಾರಿತನ," ಎಂದರು. ಅತ್ತೆ ನಕ್ಕಳು. ಎರಡು ದಿನದ ಮೇಲೆ ಅವಳು ನಕ್ಕಿದ್ದು ಆಗಲೇ.

ಗುಂಡಣ್ಣ ಬುಟ್ಟಿಯ ಕಡ್ಡಿಗೆ ನೂಲು ಕಟ್ಟಿಕೊಂಡು, ಲೈನ್‌ಮನ್ ಕಂಬಕ್ಕೆ ಬೆಲ್ಟು ಹಾಕಿ ಒರಗಿದ ಹಾಗೆ ಒರಗಿ, ಕೋಶವಾದ. ಹಬ್ಬ ಕಳೆದು, ಬೀದಿಯ ದೊಡ್ಡ ಗಣೇಶನೂ ಕೆರೆ ಸೇರಿದ ಮೇಲೆ ಒಂದು ಬೆಳಿಗ್ಗೆ ಅಜ್ಜಿ ಸೊಸೆಯ ಕೈಲಿ ಹೇಳಿಕಳಿಸಿದರು. ನಾವು ಹಲ್ಲುಜ್ಜದೆ ಓಡಿದೆವು. ಕಪ್ಪು ಮತ್ತು ಬೆಣ್ಣೆ ಬಣ್ಣದ ರೆಕ್ಕೆ, ತುದಿಯಲ್ಲಿ ಕುಂಕುಮದಂಥ ಚುಕ್ಕೆ. ದೇವರ ಮನೆಯ ಬುಟ್ಟಿಯ ಅಂಚಿನಲ್ಲಿ ಕೂತು ರೆಕ್ಕೆ ಒಣಗಿಸಿಕೊಳ್ಳುತ್ತಿತ್ತು. ಅಜ್ಜಿ ದೀಪದ ಹೊಗೆ ತಾಗೀತೆಂದು ಅಷ್ಟು ಹೊತ್ತಾದರೂ ದೇವರಿಗೆ ದೀಪ ಹಚ್ಚಿರಲಿಲ್ಲ. ಅದು ಕಿಟಕಿಯಿಂದ ಹಾರಿ, ಮರದ ಸುತ್ತ ಒಂದು ಸುತ್ತು ಹಾಕಿ ಸೈಟಿನ ಕಡೆ ಹೋಯಿತು. ಬೋಳು ಮರದಲ್ಲಿ ತಾಮ್ರದ ಬಣ್ಣದ ಚಿಗುರು ಆಗಲೇ ಇಣುಕುತ್ತಿತ್ತು.

"ಇನ್ಮೇಲೆ ಮಕ್ಕಳನ್ನ ಕರ್ಕೊಂಡು ಬಾ," ಎಂದರು ಅಜ್ಜಿ ಅತ್ತೆಗೆ. "ಆದ್ರೆ ಎಲ್ರೂ ಕೈ ಹಿಂದೆ ಕಟ್ಕೊಂಡು ಬರ್ಬೇಕು. ಕಣ್ಣಲ್ಲಿ ಎಷ್ಟು ಬೇಕಾದ್ರೂ ಕಿತ್ಕೊಳ್ಲಿ."

ಅಂದಿನಿಂದ 'ಕೈ ಹಿಂದೆ' ಅತ್ತೆಯ ಕಾರ್ಯಕ್ರಮದ ಮೊದಲ ನಿಯಮವಾಯಿತು. ಸಾಲಾಗಿ, ಕೈ ಹಿಂದೆ ಕಟ್ಟಿಕೊಂಡು, ಬಗ್ಗಿ ಬಗ್ಗಿ ಎಲೆ ನೋಡುತ್ತಾ ಹೋಗುವ ಮಕ್ಕಳನ್ನು ನೋಡಿ ತಾತ, "ಇದೇನಮ್ಮಾ, ಕೈದಿಗಳ ಮೆರವಣಿಗೆ?" ಎನ್ನುತ್ತಿದ್ದರು. ಕೆಳಗೆ ಬಿದ್ದ ಎಲೆ ಮಾತ್ರ ಎತ್ತಿಕೊಳ್ಳಬಹುದಿತ್ತು. ಶಾಲೆಗೆ ಹಿಂದಿರುಗಿ ಹಳೆಯ ಪೇಪರಿನ ಮೇಲೆ ಇಪ್ಪತ್ತೊಂದನ್ನೂ ಜೋಡಿಸುತ್ತಿದ್ದೆವು. ಸಿಗದ ಒಂದೋ ಎರಡೋ ಎಲೆಯ ಜಾಗದಲ್ಲಿ ಅತ್ತೆ ತಾತನ ಭರಣಿಯಿಂದ ಎರಡು ಕಾಳು ಅಕ್ಷತೆ ಇಡುತ್ತಿದ್ದಳು. ಯಾವುದು ಇಲ್ಲವೋ ಅದು ಕಣ್ಣಿಗೆ ಕಾಣಲಿ ಎಂದು.

ಈಗ ಆ ಕಾರ್ಯಕ್ರಮ ನನ್ನ ಕೈಗೆ ಬಂದಿದೆ. ಜೆ.ಪಿ. ನಗರದಲ್ಲಿ ನಿಜವಾದ ಆಫೀಸಿದೆ, ಬೋರ್ಡಿದೆ, ಮೈದಾ ಅಂಟು ಕುದಿಸುವ ಕೆಲಸವಿಲ್ಲ. ಶಾಲೆಗಳ ಅನುಮತಿ ಮೊಬೈಲಿನಲ್ಲೇ ಬರುತ್ತದೆ. ಹೆಡ್‌ಮಿಸ್ಸುಗಳು ಈಗಲೂ ಪೋರ್ಷನ್ ಮುಗಿದಿಲ್ಲ ಎನ್ನುತ್ತಾರೆ. ನಸ್ರೀನ್ ಮೈಸೂರಿನಲ್ಲಿ ಮೇಡಂ ಆಗಿದ್ದಾಳೆ, ಅವಳ ಶಾಲೆಯ ಮಕ್ಕಳೂ ಕೈ ಹಿಂದೆ ಕಟ್ಟಿಕೊಂಡೇ ನಡೆಯುತ್ತಾರಂತೆ. ಪ್ರತಿ ವರ್ಷ ಹಬ್ಬದ ಹಿಂದಿನ ಶನಿವಾರ ನಾನು ಮಕ್ಕಳನ್ನು ಅದೇ ರಸ್ತೆಗಳಲ್ಲಿ ಕರೆದುಕೊಂಡು ಹೋಗುತ್ತೇನೆ. ಸೈಟುಗಳೆಲ್ಲ ಮನೆಯಾಗಿ, ಮನೆಗಳೆಲ್ಲ ಅಪಾರ್ಟ್‌ಮೆಂಟಾಗಿವೆ. ಎಕ್ಕ ಹುಡುಕಲು ಬಸ್ಸು ಹತ್ತಬೇಕು. ಮಕ್ಕಳ ಕಾಲುಚೀಲಕ್ಕೆ ಉತ್ತರಾಣಿ ಬೀಜ ಅಂಟದೆ ಎಷ್ಟೋ ವರ್ಷವಾಯಿತು. ಬೈಸಿಕೊಳ್ಳುವ ಆ ಸುಖವೂ ಅವರಿಗಿಲ್ಲ ಎಂದು ನನಗೆ ಹೊಟ್ಟೆ ಉರಿಯುತ್ತದೆ.

ಜಯಮ್ಮಜ್ಜಿ ಹೋದ ಮೇಲೂ ಬಿಲ್ವದ ಮರ ಬಹಳ ಕಾಲ ಇತ್ತು. ಈ ಸಲ ನಾವು ಹೋದಾಗ ಮನೆಯ ಸುತ್ತ ನೀಲಿ ತಗಡು ಹೊಡೆದಿದ್ದರು. ಮಕ್ಕಳು ಕೈ ಹಿಂದೆ ಕಟ್ಟಿಕೊಂಡು, ನಾನು ಹೇಳಿಕೊಟ್ಟ ಹಾಗೆಯೇ, ಆ ತಗಡನ್ನು ಬಗ್ಗಿ ಬಗ್ಗಿ ನೋಡಿದರು. ಒಬ್ಬಳು ಸಂದಿಯಲ್ಲಿ ಕಣ್ಣಿಟ್ಟು, "ಮಿಸ್, ಗುಂಡಿ ಇದೆ," ಎಂದಳು.

ಅತ್ತೆ ಈಗ ನನ್ನ ಜೊತೆಯಲ್ಲೇ ಇದ್ದಾಳೆ. ಮಂಡಿನೋವು, ನಡಿಗೆಗೆ ಬರಲಾರಳು. ಆ ಸಂಜೆ ಬಾಗಿಲು ತೆಗೆದವಳೇ ಎಂದಿನಂತೆ ಕೇಳಿದಳು, "ಎಷ್ಟಕ್ಕೆ ಅಕ್ಷತೆ ಹಾಕಿದ್ಯೇ?"

"ಅರ್ಧಕ್ಕಿಂತ ಜಾಸ್ತಿ."

"ಬಿಲ್ವ?"

"ಅದಕ್ಕೂ."

ಅವಳು ನನ್ನ ಚೀಲದಿಂದ ಸ್ಟೀಲಿನ ಊಟದ ಡಬ್ಬಿ ತೆಗೆದು ಮುಚ್ಚಳ ಬಿಚ್ಚಿದಳು. ತಳದಲ್ಲಿ ಮಿಕ್ಕಿದ್ದ ಅಕ್ಷತೆಯನ್ನು ಬೆರಳಿನಿಂದ ಒಂದು ಬದಿಗೆ ಸರಿಸಿದಳು.

"ಇದ್ಯಾಕೆ? ಅಪ್ಪನ ಭರಣಿ ಎಲ್ಲೇ?"

"ಅದು ಸಾಲಲ್ಲ ಅತ್ತೆ," ಎಂದೆ.